ನಾಲ್ಕನೇ ಜ್ವರ

“ಅಮ್ಮಾ, ಕಂಪ್ಯೂಟರ್ ಕಂಪನಿಗಳ ಷೇರು ಕೈಯಲ್ಲಿಟ್ಟುಕೊಂಡವನು ನೆಮ್ಮದಿಯಾಗಿ ಇರುವುದು ಹೇಗೆ?” ಎಂದು ಶಿಷ್ಯ ಷಡಕ್ಷರಿ ಕೇಳಿದ.

ಗುರುವಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುವುದನ್ನು ನಿಲ್ಲಿಸಲಿಲ್ಲ.

ಷಡಕ್ಷರಿ ಮದುವೆಗಳಿಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವನು. ಸೋಮವಾರ ತಪ್ಪದೆ ಮಠಕ್ಕೆ ಬರುವವನು. ಮೊದಲೆಲ್ಲ ಬಂದರೆ ಎರಡು ಕಣ್ಣನ್ನೂ ಮುಚ್ಚಿ ಕೂರುತ್ತಿದ್ದ. ಈಗ ಒಂದು ಕಣ್ಣು ಮುಚ್ಚುತ್ತಾನೆ. ಇನ್ನೊಂದು ತೊಡೆಯ ಮೇಲಿನ ಮೊಬೈಲಿನ ಮೇಲಿರುತ್ತದೆ. ಹೋದ ವಾರ ಮಂಗಳಾರತಿಯ ನಡುವೆ ‘ಅಯ್ಯೋ ತಂದೇ’ ಅಂದ. ಭಕ್ತಿ ಉಕ್ಕಿತು ಎಂದು ಪಕ್ಕದವರು ಅವನಿಗೇ ಕೈ ಮುಗಿದರು. ಉಕ್ಕಿದ್ದು ಭಕ್ತಿಯಲ್ಲ, ಬಿದ್ದದ್ದು ಷೇರು.

ಅವನು ಹಂಡೆ, ಕೊಪ್ಪರಿಗೆಗಳನ್ನೆಲ್ಲ ಮಾರಿ ಷೇರಿಗೆ ಹಾಕಿದ್ದಾನೆ ಎಂಬುದು ಊರಿಗೇ ಗೊತ್ತಿತ್ತು. ಮದುವೆಯವರು ಬಂದು ಪಾತ್ರೆ ಕೇಳಿದರೆ, ಪಾತ್ರೆ ಇಲ್ಲ, ಮೇಲೆ ಹೊದಿಸುವ ಬಟ್ಟೆ ಇದೆ ಅನ್ನುತ್ತಾನಂತೆ. ಬಟ್ಟೆಯ ಕೆಳಗೆ ಕೂತು ಏನು ಉಣ್ಣಬೇಕು ಎಂದು ಅವರು ಕೇಳಿದರೆ ಮೊಬೈಲು ನೋಡುತ್ತಾನಂತೆ.

“ಬೆಳಿಗ್ಗೆ ಏರುತ್ತೆ, ಮಧ್ಯಾಹ್ನ ಇಳಿಯುತ್ತೆ” ಎಂದು ಅವನು ಮುಂದುವರಿಸಿದ. “ಇಳಿದಾಗ ಮಾರಬೇಡ, ತಾಳ್ಮೆ ಇರಲಿ ಅಂತ ಬಲ್ಲವರೆಲ್ಲ ಹೇಳ್ತಾರೆ. ನನಗೂ ಗೊತ್ತು. ಗೊತ್ತಿದ್ದೂ ಕೈ ಮೊಬೈಲಿಗೇ ಹೋಗುತ್ತೆ. ಇವತ್ತು ಎಲ್ಲವನ್ನೂ ಮಾರಿಬಿಡೋಣ ಅನ್ನಿಸ್ತಾ ಇದೆ. ಮನಸ್ಸು ನಿಲ್ಲುವುದಕ್ಕೆ ಒಂದು ಮಂತ್ರ ಕೊಡಿ.”

“ಮಂತ್ರ ನನ್ನ ಹತ್ತಿರ ಇಲ್ಲ. ಒಂದು ಮನೆಯ ಕತೆ ಇದೆ. ಆ ಸಾಮಾನನ್ನು ಮಗುಚಿ ಹಾಕಿ ಕೇಳು” ಎಂದರು ಗುರುವಮ್ಮ.

ಅವನು ಮೊಬೈಲನ್ನು ಮಗುಚಿ ಇಟ್ಟ. ಅವರು ಹೇಳತೊಡಗಿದರು.

ರೇಷ್ಮೆ ಹುಳ ಸಾಕುವ ಒಂದು ಊರು. ಆ ಊರಲ್ಲಿ ಅಕ್ಕಯಮ್ಮ ಅಂತ ಒಬ್ಬ ಹೆಂಗಸು. ಗಂಡ ಮುನಿಶಾಮಪ್ಪ ಬಾಯಿಲ್ಲದವನು. ಇಬ್ಬರಿಗೂ ಸೇರಿ ಕೊಟ್ಟ ಬಾಯನ್ನು ದೇವರು ಹೆಂಡತಿಯ ಮುಖಕ್ಕೇ ಇಟ್ಟಿದ್ದ. ಒಂದು ತುಂಡು ಹಿಪ್ಪುನೇರಳೆ ಸೊಪ್ಪಿನ ತೋಟ, ಒಂದು ಕರೆಯುವ ಹಸು, ಹುಳ ಸಾಕಲು ಮನೆಯ ಹಿಂದೆ ಒಂದು ಕೋಣೆ. ಸೊಪ್ಪು ಹುಳಕ್ಕೆ, ಹಾಲು ಮನೆಗೆ, ಮಿಕ್ಕ ಹಾಲು ಡೈರಿಗೆ. ಹುಳ ಕಟ್ಟುವ ರೇಷ್ಮೆ ಗೂಡು ಕೈಕೊಟ್ಟ ಕಾಲದಲ್ಲೂ ಆ ಹಸು ಅವರನ್ನು ಉಪವಾಸ ಮಲಗಿಸಿರಲಿಲ್ಲ.

ಆ ವರ್ಷ ಗೂಡಿನ ರೇಟು ಏರಿತು. ಮಾರುಕಟ್ಟೆಗೆ ಬಸ್ಸಿನಲ್ಲಿ ಹೋದವರು ಬೈಕಿನಲ್ಲಿ ಬಂದರು. ಅವರ ಹೆಂಡತಿಯರ ಕಿವಿಗೆ ಹೊಸ ಜುಮುಕಿ ಬಂತು. ಜುಮುಕಿ ಬಂದವರು ಹೂಂ ಅನ್ನಬೇಕಾದಲ್ಲಿಯೂ ಉಹೂಂ ಅನ್ನಬೇಕಾದಲ್ಲಿಯೂ ತಲೆ ಅಲ್ಲಾಡಿಸಿ ಮಾತಾಡತೊಡಗಿದರು. ಅಕ್ಕಯಮ್ಮ ಅದನ್ನು ನೋಡಿದಳು. ನೋಡಬಾರದಿತ್ತು.

ಮರಿಹುಳ ತರುವ ದಿನ ಅವಳು ಯಾವಾಗಲೂ ತರುವುದರ ಎರಡರಷ್ಟು ತಂದಳು.

“ತೋಟದ ಸೊಪ್ಪು ಇಷ್ಟಕ್ಕೆ ಸಾಲದು ಕಣಮ್ಮಿ” ಎಂದ ಮುನಿಶಾಮಪ್ಪ.

“ಸಾಲ್ದಿದ್ರೆ ಕೊಂಡ್ರಾಯ್ತು. ಗೂಡಿನ ರೇಟು ನೋಡಿದ್ಯಾ?”

“ಸೊಪ್ಪಿಗೂ ಒಂದು ರೇಟು ಇರ್ತದಲ್ಲ.”

“ನೀನು ಸುಮ್ಕಿರು.”

ಅವನು ಸುಮ್ಮನಾದ. ಅದರಲ್ಲಿ ಅವನಿಗೆ ಒಳ್ಳೆಯ ಪಳಗಿಕೆ ಇತ್ತು.

ಹುಳದ ಕೋಣೆ ತುಂಬಿತು. ಮಿಕ್ಕ ತಟ್ಟೆಗಳು ನಡುಮನೆಗೆ ಬಂದವು. ನಡುಮನೆಯೂ ತುಂಬಿತು. ಮುನಿಶಾಮಪ್ಪನ ಮಂಚ ಜಗುಲಿಗೆ ಹೋಯಿತು. ಊರಿಗೆ ಅಷ್ಟು ಸಾಕಾಯಿತು. ಅವಳು ಗಂಡನನ್ನು ಹೊರಗೆ ಹಾಕಿದ್ದಾಳೆ ಎಂದು ಮೇಲಿನ ಬೀದಿಯವರು ಅಂದರು. ಹಾಕಿಲ್ಲ, ಅವನೇ ಎದ್ದು ಬಂದಿದ್ದಾನೆ, ಒಳಗೆ ಏನು ನೋಡಿದನೋ ಎಂದು ಕೆಳಗಿನ ಬೀದಿಯವರು ಅಂದರು. ನಲ್ಲಿಯ ಹತ್ತಿರ ಬಿಂದಿಗೆ ತುಂಬಿ ಹರಿದರೂ ಹೆಂಗಸರಿಗೆ ಈ ಮಂಚದ ಮಾತು ಮುಗಿಯಲಿಲ್ಲ. ಮಂಚದ ಮೇಲೆ ಇದ್ದವನಿಗೆ ಮಾತ್ರ ಗಾಳಿ ಚೆನ್ನಾಗಿ ಬಂತು, ನಿದ್ದೆ ಹತ್ತಿತು.

ನಿದ್ದೆ ಕಳೆದುಕೊಂಡವಳು ಅಕ್ಕಯಮ್ಮ. ಮಾರುಕಟ್ಟೆಯ ರೇಟು ದಿನವೂ ಫೋನಿಗೆ ಬರುತ್ತಿತ್ತು. ಏರಿದ ದಿನ ಹಸುವಿಗೆ ಬೆಲ್ಲ ಸಿಕ್ಕಿತು. ಇಳಿದ ದಿನ ಗಂಡನ ಸಾರಿಗೆ ಉಪ್ಪು ಸಿಗಲಿಲ್ಲ. ಅವಳ ಹುಳ ಇನ್ನೂ ಮರಿ. ಗೂಡು ಕಟ್ಟುವ ಕಾಲ ಇನ್ನೂ ದೂರ ಇತ್ತು. ಆದರೂ ಕಟ್ಟದ ಗೂಡನ್ನು ಅವಳು ದಿನಕ್ಕೊಂದು ಸಲ ಮನಸ್ಸಿನಲ್ಲೇ ಮಾರುತ್ತಿದ್ದಳು. ಒಂದು ದಿನ ಲಾಭ, ಒಂದು ದಿನ ನಷ್ಟ. ಒಂದು ಗೂಡೂ ಕಾಣದೆ ಅವಳು ಎಷ್ಟೋ ಸಲ ಶ್ರೀಮಂತಳಾದಳು, ಅಷ್ಟೇ ಸಲ ಹಾಳಾದಳು.

ರೇಷ್ಮೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರ ಅನ್ನುತ್ತಾರೆ, ಆದರೆ ಅದು ಕಾಯಿಲೆಯಲ್ಲ. ಹುಳ ಬೆಳೆಯುತ್ತದೆ, ಚರ್ಮ ಬೆಳೆಯುವುದಿಲ್ಲ. ಹಳೆಯದನ್ನು ಬಿಟ್ಟು ಹೊಸದರಲ್ಲಿ ಹೊರಗೆ ಬರಬೇಕು. ಅಷ್ಟು ಹೊತ್ತು ಅದು ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆ ಎತ್ತಿ ಸುಮ್ಮನೆ ಕೂತಿರುತ್ತದೆ. ನೋಡಿದವರಿಗೆ ಸತ್ತ ಹಾಗೆಯೇ ಕಾಣುತ್ತದೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ತಟ್ಟೆ ಬದಲಿಸಬಾರದು. ಆ ಊರಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಎಲ್ಲರಿಗೂ ಗೊತ್ತು.

ಅಕ್ಕಯಮ್ಮನಿಗೂ ಗೊತ್ತು. ಆದರೆ ಮೂರನೇ ಜ್ವರಕ್ಕೆ ಹುಳ ಕೂತಾಗ ಅವಳು ಹೊದಿಸಿದ ಕಾಗದವನ್ನು ಎತ್ತಿ ನೋಡಿದಳು. ಮುಚ್ಚಿದಳು. ಮತ್ತೆ ಎತ್ತಿದಳು. ಬೆರಳ ತುದಿಯಲ್ಲಿ ಒಂದನ್ನು ಮುಟ್ಟಿದಳು. ಅದು ಅಲುಗಿತು. ಇನ್ನೊಂದನ್ನು ಮುಟ್ಟಿದಳು. ಅದು ಅಲುಗಲಿಲ್ಲ. ಅಲ್ಲಿಗೆ ಅವಳ ಊಟ ಹೋಯಿತು. ಮೊದಲು ಎದ್ದ ಕೆಲವಕ್ಕೆ ಹಸಿವಾದೀತು ಎಂದು ಎಲ್ಲವೂ ಏಳುವ ಮೊದಲೇ ಸೊಪ್ಪು ಸುರಿದಳು. ಮೊದಲು ಎದ್ದವು ತಿಂದು ದಪ್ಪವಾದವು, ಆಮೇಲೆ ಎದ್ದವು ಸೊಪ್ಪಿನಡಿ ಸಿಕ್ಕಿ ಸೊರಗಿದವು. ಒಂದೇ ತಟ್ಟೆಯಲ್ಲಿ ಅಣ್ಣ ತಮ್ಮ ಆದರು.

ತಿಳಿದದ್ದು ತಲೆಯಲ್ಲಿರುತ್ತದೆ. ಕಾಗದ ಎತ್ತುವುದು ಕೈ.

ಎದುರು ಮನೆಯಲ್ಲಿ ಪಿಳ್ಳಮ್ಮ ಇದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳೂ ಹುಳ ಸಾಕುತ್ತಿದ್ದಳು. ಅವಳ ಹುಳವೂ ಜ್ವರಕ್ಕೆ ಕೂರುತ್ತಿತ್ತು. ಅದೇ ರೇಟು ಅವಳ ಕಿವಿಗೂ ಬೀಳುತ್ತಿತ್ತು. ಆದರೆ ಅವಳು ಜಗುಲಿಯಲ್ಲಿ ಕಾಲು ಚಾಚಿ ಕನಕಾಂಬರ ಕಟ್ಟುತ್ತಾ ಕೂತಿರುತ್ತಿದ್ದಳು. ರೇಟು ಏರಿತು ಅಂದರೂ “ಹೌದಾ” ಅನ್ನುತ್ತಿದ್ದಳು. ಇಳಿಯಿತು ಅಂದರೂ “ಹೌದಾ” ಅನ್ನುತ್ತಿದ್ದಳು.

ಒಬ್ಬರ ದುಃಖವನ್ನಾದರೂ ಊರು ಸಹಿಸುತ್ತದೆ. ಒಬ್ಬರ ನೆಮ್ಮದಿಯನ್ನು ಸಹಿಸುವುದಿಲ್ಲ. ಮುಡಿಯದ ಹೂವನ್ನು ಯಾರಿಗಾಗಿ ಕಟ್ಟುತ್ತಾಳೆ ಎಂದು ಒಬ್ಬಳು ಕೇಳಿದಳು. ಪೇಟೆಗೆ ಮಾರುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಪ್ರಶ್ನೆ ರುಚಿಯಾಗಿತ್ತು, ಬಿಡಲಾಗಲಿಲ್ಲ. ರೇಷ್ಮೆ ಇಲಾಖೆಯವನು ಸ್ಕೂಟರಿನಲ್ಲಿ ಬರುತ್ತಾನೆ, ಬಾಗಿಲು ಹಾಕಿಕೊಂಡು ಒಳಗೆ ಕಾಫಿ ಕುಡಿಯುತ್ತಾನೆ, ಹೊರಗೆ ಬರುವಾಗ ಮುಖ ಕೆಂಪಗಿರುತ್ತದೆ ಎಂದು ಇನ್ನೊಬ್ಬಳು ಅಂದಳು. ಅವಳ ಮೊಣಕೈಯಲ್ಲಿ ಒಂದು ಕಪ್ಪು ದಾರವಿದೆ, ಮಂತ್ರಿಸಿ ಕಟ್ಟಿಸಿಕೊಂಡದ್ದು, ಹುಳಕ್ಕೆ ರೋಗ ಹತ್ತಿರ ಬರದಂತೆ ಎಂದು ಮತ್ತೊಬ್ಬಳು ಅಂದಳು. ಅವಳು ತನ್ನ ಹುಳದ ಕೋಣೆಗೆ ಯಾರನ್ನೂ ಬಿಡುವುದಿಲ್ಲವಲ್ಲ, ಯಾಕೆ? ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆ ಎಂದು ಆ ಊರಲ್ಲಿ ಯಾರೂ ಯಾರನ್ನೂ ಹುಳದ ಕೋಣೆಗೆ ಬಿಡುವುದಿಲ್ಲ. ಆದರೆ ಪಿಳ್ಳಮ್ಮ ಬಿಡದಿದ್ದರೆ ಅದಕ್ಕೆ ಬೇರೆ ಕಾರಣ ಬೇಕಿತ್ತು.

ಇದರಲ್ಲಿ ಅರ್ಧ ಮಾತನ್ನು ಹುಟ್ಟಿಸಿದವಳು ಅಕ್ಕಯಮ್ಮನೇ. ಮಿಕ್ಕರ್ಧವನ್ನು ಬೆಳೆಸಿದವಳೂ ಅವಳೇ. ಆದರೆ ಒಳಗೊಳಗೆ ಅವಳಿಗೆ ಆಸೆ. ಆ ದಾರ ತನಗೂ ಸಿಗಬಾರದೇ?

ನಾಲ್ಕನೇ ಜ್ವರ ಬಂತು. ಅದೇ ಕೊನೆಯದು. ಅದರಿಂದ ಎದ್ದ ಹುಳ ತಿನ್ನುವ ಹಾಗೆ ಯಾವ ಮದುಮಗನ ಕಡೆಯವರೂ ತಿನ್ನುವುದಿಲ್ಲ. ಅಲ್ಲಿಯವರೆಗೆ ತಿಂದದ್ದೆಲ್ಲ ಒಂದು ತೂಕ, ಆ ಒಂದು ವಾರ ತಿನ್ನುವುದು ಅದರ ಹಲವು ತೂಕ. ಅಕ್ಕಯಮ್ಮನ ತೋಟ ಆಗಲೇ ಬೋಳಾಗುತ್ತಾ ಬಂದಿತ್ತು. ಊರಲ್ಲಿ ಎಲ್ಲರೂ ಹೆಚ್ಚು ಹುಳ ತಂದಿದ್ದರು. ಹಾಗಾಗಿ ಸೊಪ್ಪು ಮಾರುವವನು ಆಕಾಶ ನೋಡಿ ರೇಟು ಹೇಳುತ್ತಿದ್ದ. ಅವಳ ಕೈಯಲ್ಲಿ ಇನ್ನು ಉಳಿದದ್ದು ಹಸು. ಅವಳು ದನದ ದಲ್ಲಾಳಿಗೆ ಹೇಳಿ ಕಳಿಸಿದಳು. ಸಂಜೆಗೆ ಬಂದು ಹಸು ನೋಡುತ್ತೇನೆ ಎಂದು ಅವನು ಹೇಳಿದ.

ಮುನಿಶಾಮಪ್ಪ ಆ ಮಧ್ಯಾಹ್ನ ಉಣ್ಣಲಿಲ್ಲ. ಹಸುವಿನ ಮೈ ತೊಳೆದ. ತೊಳೆದ ಮೈಯನ್ನೇ ಮತ್ತೆ ತೊಳೆದ.

ಅಷ್ಟರಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಗೂಡಿನ ರೇಟು ಬಿತ್ತು ಎಂಬುದು ಒಂದು. ಆಚೆ ಊರಲ್ಲಿ ಸುಣ್ಣಕಟ್ಟು ರೋಗ ಬಂದಿದೆ, ಹುಳವೆಲ್ಲ ಬೆಳ್ಳಗೆ ಬಿರುಸಾಗಿ ಸಾಯುತ್ತಿವೆ ಎಂಬುದು ಇನ್ನೊಂದು.

ಅಕ್ಕಯಮ್ಮ ಓಡಿ ಹೋಗಿ ಕಾಗದ ಎತ್ತಿದಳು. ಹುಳ ಅಲುಗದೆ ಕೂತಿದ್ದವು. ಇದು ಜ್ವರವೋ ರೋಗವೋ? ಹೋದ ವರ್ಷವಾಗಿದ್ದರೆ ಒಂದೇ ನೋಟದಲ್ಲಿ ಹೇಳುತ್ತಿದ್ದಳು. ಈಗ ಕಣ್ಣಿಗೆ ಎಲ್ಲವೂ ಬೆಳ್ಳಗೆ ಕಂಡವು. ರೋಗವಾದರೆ ಎಲ್ಲವನ್ನೂ ಈಗಲೇ ಗುಂಡಿಗೆ ಸುರಿಯಬೇಕು, ಸೊಪ್ಪಿನ ಖರ್ಚಾದರೂ ಉಳಿಯುತ್ತದೆ. ಜ್ವರವಾದರೆ ಹಸು ಮಾರಿ ಸೊಪ್ಪು ತರಬೇಕು. ಸುರಿಯಲೇ, ಮಾರಲೇ? ಒಂದು ತಟ್ಟೆಯನ್ನು ಕೈಗೆತ್ತಿಕೊಂಡು ಗುಂಡಿಯವರೆಗೆ ಹೋದಳು. ವಾಪಸು ತಂದಳು. ಕೊಟ್ಟಿಗೆಗೆ ಹೋದಳು. ಅಲ್ಲಿ ಗಂಡನ ಮುಖ ನೋಡಿ ಅಲ್ಲಿಂದಲೂ ಬಂದಳು.

ಜಗುಲಿಗೆ ಬಂದರೆ ಎದುರು ಜಗುಲಿಯಲ್ಲಿ ಹೂವಿನ ಬುಟ್ಟಿ ಇತ್ತು. ಪಿಳ್ಳಮ್ಮ ಇರಲಿಲ್ಲ. ಬಾಗಿಲು ತೆರೆದಿತ್ತು.

ಅವಳು ಆಚೆ ಈಚೆ ನೋಡಿದಳು. ಯಾರೂ ಇರಲಿಲ್ಲ. ಇದ್ದಿದ್ದರೂ ಹೋಗುತ್ತಿದ್ದಳು ಅನ್ನು. ನೇರ ಹಿತ್ತಲಿಗೆ ಹೋಗಿ ಪಿಳ್ಳಮ್ಮನ ಹುಳದ ಕೋಣೆಯನ್ನು ಹೊಕ್ಕಳು.

ಮದ್ದಿನ ಮಡಕೆ ಇರಲಿಲ್ಲ. ಮಂತ್ರಿಸಿದ ಯಂತ್ರ ಇರಲಿಲ್ಲ. ಸ್ಕೂಟರಿನವನೂ ಇರಲಿಲ್ಲ. ಎದೆಯ ಎತ್ತರದವರೆಗೆ ಜೋಡಿಸಿದ ತಟ್ಟೆಗಳಲ್ಲಿ ಹುಳ ಜ್ವರಕ್ಕೆ ಕೂತಿದ್ದವು. ಮೇಲಿನ ತಟ್ಟೆಗಳಿಗೆಲ್ಲ ಹಳೆಯ ಸೀರೆ ಹೊದಿಸಿತ್ತು. ರೋಗದ ಹುಳ ಬಚ್ಚಿಟ್ಟಿದ್ದಾಳೆ ಎಂದುಕೊಂಡು ಅಕ್ಕಯಮ್ಮ ಸೀರೆ ಸರಿಸಿದಳು. ತಟ್ಟೆ ಖಾಲಿ. ಪಕ್ಕದ್ದನ್ನು ಸರಿಸಿದಳು. ಅದೂ ಖಾಲಿ.

“ಕಾಲು ತೊಳ್ಕೊಂಡು ಬಂದ್ಯಾ?” ಎಂದು ಹಿಂದಿನಿಂದ ಪಿಳ್ಳಮ್ಮ ಕೇಳಿದಳು.

ಅಕ್ಕಯಮ್ಮ ತೊಳೆದಿರಲಿಲ್ಲ. ಅಂಥ ತಪ್ಪನ್ನು ಆ ಊರಲ್ಲಿ ಕಳ್ಳರೂ ಮಾಡುವುದಿಲ್ಲ.

“ಹೊರಗೆ ನಡಿ ಮೊದ್ಲು.”

ಇಬ್ಬರೂ ಹಿತ್ತಲಿಗೆ ಬಂದರು. ಅಕ್ಕಯಮ್ಮನಿಗೆ ತಪ್ಪೊಪ್ಪಿಕೊಳ್ಳಲೂ ಪುರುಸೊತ್ತಿಲ್ಲ.

“ಅಲ್ಲ ಪಿಳ್ಳಕ್ಕ, ತಟ್ಟೆ ಎಲ್ಲ ಖಾಲಿ ಅವಲ್ಲ?”

“ಎಲ್ಲ ಅಲ್ಲ. ಅರ್ಧ. ತೋಟದ ಸೊಪ್ಪಿಗಿಂತ ಕಮ್ಮೀನೇ ಹುಳ ತತ್ತೀನಿ.”

“ಅದಕ್ಕೆ ಸೀರೆ ಯಾಕೆ ಹೊದ್ಸಿದ್ದೀಯ?”

“ನಿನ್ನಂಥೋರು ಕಿಟಕೀಲಿ ಬಗ್ಗಿ ನೋಡ್ತೀರಲ್ಲ, ಅದಕ್ಕೆ.”

“ಅದ್ರಾಗೆ ನಾಚ್ಕೆ ಏನೈತೆ?”

“ಹೋದ ಸಲ ಕೆಳಗಿನ ಬೀದಿ ದ್ಯಾವಮ್ಮ ಕಮ್ಮಿ ಹುಳ ತಂದಾಗ, ಅವಳಿಗೆ ಸೊಂಟ ಬಿದ್ದೋಗೈತೆ, ಇನ್ನು ಆ ಮನೆ ಉದ್ಧಾರ ಆಗಕಿಲ್ಲ ಅಂತ ನಲ್ಲೀತಾವ ಹೇಳ್ದೋಳು ಯಾರು?”

ಹೇಳಿದವಳು ಯಾರೆಂದು ಅಕ್ಕಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮಾತು ತಿರುಗಿಸಿದಳು.

“ಆ ಸ್ಕೂಟರಿನವ್ನು ಬತ್ತಾನಲ್ಲ?”

“ಬತ್ತಾನೆ. ತಟ್ಟೆ ಯಾಕೆ ಖಾಲಿ ಬಿಟ್ಟಿದ್ದೀಯ, ತುಂಬ್ಸು ಅಂತ ಬೈತಾನೆ. ಬೈದೂ ಬೈದೂ ಮುಖ ಕೆಂಪಗಾಗ್ತದೆ. ಕಾಫಿ ಕೊಟ್ಟು ಕಳಿಸ್ತೀನಿ.”

“ಕೈಯಾಗಿನ ದಾರ?”

“ನರ ಹಿಡ್ಕೊಂಡಿತ್ತು. ನಮ್ಮತ್ತಿಗೆ ಕಟ್ಟಿದ್ದು.”

ಅಕ್ಕಯಮ್ಮನಿಗೆ ನಿರಾಸೆಯಾಯಿತು. ಅಷ್ಟು ದಿನ ಆಡಿದ ಮಾತಿಗೆ ಇದಕ್ಕಿಂತ ಒಳ್ಳೆಯದು ಏನಾದರೂ ಸಿಗಬೇಕಿತ್ತು. ಆಮೇಲೆ ಮನೆಯಲ್ಲಿ ಬಿಟ್ಟು ಬಂದ ಹುಳ ನೆನಪಾಯಿತು. ಸಂಜೆಯ ದಲ್ಲಾಳಿ ನೆನಪಾದ. ಅವಳು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

“ಆಚೆ ಊರಾಗೆ ಸುಣ್ಣಕಟ್ಟಂತೆ. ರೇಟೂ ಬಿತ್ತಂತೆ. ನಿನ್ನ ಹುಳವೂ ಜ್ವರಕ್ಕೆ ಕೂತವೆ. ನಿಂಗೆ ಹೆದರ್ಕೆನೇ ಆಗಕಿಲ್ವಾ ಅಕ್ಕ?”

“ಆಗದೇನು? ಹುಳ ಸಾಕ್ದೋಳ್ಗೆ ಹೆದರ್ಕೆ ತಪ್ಪಿದ್ದಲ್ಲ” ಎಂದಳು ಪಿಳ್ಳಮ್ಮ. “ಆದ್ರೆ ನನ್ನ ಹೆದರ್ಕೆ ಆ ಕೋಣೇಲಿರ್ತದೆ. ಕೋಣೆ ಬಾಗ್ಲು ಹಾಕಿದ್ರೆ ಅದೂ ಒಳಗೇ ಉಳೀತದೆ. ನಿಂದು ನಡುಮನೆಗೆ ಬಂತು, ನಿನ್ನ ಗಂಡನ್ನ ಎಬ್ಬಿಸ್ಕೊಂಡು ಜಗುಲಿಗೆ ಬಂತು, ಈಗ ಕೊಟ್ಟಿಗೆಗೆ ಹೋಗೈತೆ.”

ಅಕ್ಕಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಕಣಕ್ಕ ಎಂದಳು.

“ಗಾದೆ ಎಲ್ರಿಗೂ ಬತ್ತದೆ ಬಿಡು” ಎಂದಳು ಪಿಳ್ಳಮ್ಮ. “ನಿನ್ನ ತೋಟದಾಗೆ ಸೊಪ್ಪು ಎಷ್ಟು ಉಳಿದೈತೆ?”

“ಇರೋ ಹುಳದಾಗೆ ಅರ್ಧಕ್ಕೆ ಆಗಬೋದು.”

“ಹಂಗಾದ್ರೆ ಮಿಕ್ಕದ್ದು ಇಲ್ಲಿಗೆ ತಗೊಂಡು ಬಾ. ಪಾಲಿಗೆ ಸಾಕ್ತೀನಿ. ಹುಳ ನಿಂದು, ಸೊಪ್ಪು ನಂದು. ಗೂಡು ಅರ್ಧರ್ಧ.”

ಅಕ್ಕಯಮ್ಮ ತಟ್ಟನೆ ಎದ್ದಳು. “ಈಗ್ಲೇ ತತ್ತೀನಿ.”

“ಜ್ವರದಾಗೆ ಹುಳ ಸಾಗಿಸ್ತಾರಾ ಯಾರಾದ್ರೂ? ಜ್ವರ ಇಳೀಲಿ. ಎದ್ದು ಓಡಾಡ್ಲಿ. ಆಮೇಲೆ.”

“ಅಲ್ಲೀಗಂಟ ನಾನೇನು ಮಾಡ್ಲಿ?”

“ಕೈಕಾಲು ತೊಳ್ಕೊಂಡು ಜಗುಲೀಗೆ ಬಾ. ಹೂ ಕಟ್ಟು.”

ಅವಳು ಹೂ ಕಟ್ಟಿದಳು. ಕಟ್ಟಿದ ಹೂವನ್ನು ಪಿಳ್ಳಮ್ಮ ಬಿಚ್ಚಿ ಮತ್ತೆ ಕಟ್ಟಿದಳು. ಅಕ್ಕಯಮ್ಮ ನಡುನಡುವೆ ಏಳಹೋದಳು, ಪಿಳ್ಳಮ್ಮ ಇನ್ನೊಂದು ಹಿಡಿ ಹೂ ಅವಳ ಮಡಿಲಿಗೆ ಹಾಕಿದಳು. ಕಾಗದ ಎತ್ತಬೇಕಾದ ಕೈಗೆ ಬೇರೆ ಕೆಲಸ ಸಿಕ್ಕಿತು.

ಸಂಜೆ ದಲ್ಲಾಳಿ ಬಂದ. ಕೊಟ್ಟಿಗೆಗೆ ಹೋಗಿ ಹಸುವಿನ ಹಲ್ಲು ನೋಡಿದ, ಕೆಚ್ಚಲು ನೋಡಿದ, ಬೆಲೆ ಇಳಿಸಲು ಏನಾದರೂ ಐಬು ಸಿಗುತ್ತದೋ ಎಂದು ಬಾಲವನ್ನೂ ಎತ್ತಿ ನೋಡಿದ. ಅಕ್ಕಯಮ್ಮ ಎದುರು ಜಗುಲಿಯಿಂದಲೇ ಗಂಡನ ಕಡೆ ನೋಡಿ ಬೇಡ ಎಂದು ಕೈ ಆಡಿಸಿದಳು.

“ಹಸು ಮಾರಕಿಲ್ಲ” ಎಂದ ಮುನಿಶಾಮಪ್ಪ.

“ಬೆಳಿಗ್ಗೆ ಹೇಳಿ ಕಳಿಸಿದ್ರಲ್ಲಪ್ಪಾ?”

“ಬೆಳಿಗ್ಗೆ ಮನೇಲಿ ಜ್ವರ ಇತ್ತು.”

ಆ ಮನೆಯಲ್ಲಿ ಅವನು ಹೆಂಡತಿಯ ಬಗ್ಗೆ ಆಡಿದ ಮೊದಲ ಚುಚ್ಚುಮಾತು ಅದು. ಊರು ಅದನ್ನು ಬಹಳ ದಿನ ಹೇಳಿಕೊಂಡು ನಕ್ಕಿತು. ಅವನು ಮಾತ್ರ ಅಷ್ಟು ಹೇಳಿ, ಹಸುವಿಗೆ ಹುಲ್ಲು ಹಾಕಿ, ಮಂಚಕ್ಕೆ ಹೋಗಿ ಮಲಗಿದ.

ಮಾರನೆಯ ದಿನ ಹುಳ ಎದ್ದವು. ಸುಣ್ಣಕಟ್ಟು ಅಲ್ಲ, ಜ್ವರವೇ. ಹಳೆಯ ಚರ್ಮ ಬಿಟ್ಟು, ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಎಲ್ಲವೂ ಎದ್ದ ಮೇಲೆ ಗಂಡ ಹೆಂಡತಿ ಸೇರಿ ತಟ್ಟೆಗಳನ್ನು ಎದುರು ಮನೆಗೆ ಸಾಗಿಸಿದರು. ಸೀರೆಗಳು ಇಳಿದವು. ಆದರೆ ಕೊನೆಯ ಎರಡು ತಟ್ಟೆ ತಂದಾಗ ಪಿಳ್ಳಮ್ಮ ಬಾಗಿಲಲ್ಲಿ ಅಡ್ಡ ನಿಂತಳು.

“ಇವು ಬೇಡ.”

“ಇನ್ನೂ ಜಾಗ ಐತಲ್ಲಕ್ಕ.”

“ಐತೆ. ಇರ್ಲಿ. ನಂಗೆ ಎರಡು ಖಾಲಿ ಬೇಕು.”

ಅಕ್ಕಯಮ್ಮ ಆ ಎರಡು ತಟ್ಟೆ ಹಿಡಿದು ಬೀದಿಯ ನಡುವೆ ನಿಂತಳು. ಅದರಲ್ಲಿದ್ದದ್ದು ಒಳ್ಳೆಯ ಹುಳ. ಕೈಯಾರೆ ಸಾಕಿದ್ದು. ಮನೆಗೆ ಒಯ್ದರೆ ಅವಕ್ಕೆ ಸೊಪ್ಪಿಲ್ಲ. ಅವಕ್ಕೆ ಸೊಪ್ಪು ಹುಡುಕಲು ಹೊರಟರೆ ಮಿಕ್ಕವೂ ಉಪವಾಸ. ಸ್ವಲ್ಪ ಹೊತ್ತು ನಿಂತು, ಬೈದುಕೊಳ್ಳುತ್ತಾ ಹಿತ್ತಲಿಗೆ ಹೋಗಿ ಎರಡು ತಟ್ಟೆಯನ್ನೂ ಕೋಳಿಗಳ ಮುಂದೆ ಮಗುಚಿದಳು. ಕೋಳಿಗಳು ಹಬ್ಬ ಮಾಡಿದವು. ಅವಳು ಮುಖ ತಿರುಗಿಸಿಕೊಂಡು ನಿಂತಳು. ಆದರೆ ಖಾಲಿ ತಟ್ಟೆ ತೊಳೆದು ಬಿಸಿಲಿಗೆ ಇಟ್ಟ ಮೇಲೆ ಅವಳಿಗೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಮುದ್ದೆ ರುಚಿಯಾಗಿ ಇಳಿಯಿತು.

ಆಮೇಲೆ ರೇಟು ಏರಿತು, ಇಳಿಯಿತು, ಮತ್ತೆ ಏರಿತು. ಆಚೆ ಊರಿನ ರೋಗ ಇನ್ನೊಂದು ಊರಿಗೆ ಬಂತು ಎಂದು ಸುದ್ದಿ ಬಂತು, ಸುಳ್ಳು ಎಂದೂ ಬಂತು. ಹುಳ ಅವೇ ಹುಳ. ಮಾರುಕಟ್ಟೆ ಅದೇ ಮಾರುಕಟ್ಟೆ. ಅಕ್ಕಯಮ್ಮನಿಗೆ ಹೆದರಿಕೆಯೂ ಆಗುತ್ತಿತ್ತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆ ಬಂದಾಗ ಕೋಣೆಗೆ ಹೋಗಿ ನೋಡುತ್ತಿದ್ದಳು, ಹೊರಗೆ ಬಂದು ಬಾಗಿಲು ಹಾಕುತ್ತಿದ್ದಳು, ಎದುರು ಜಗುಲಿಗೆ ಹೋಗಿ ಕೂರುತ್ತಿದ್ದಳು. ನಡುಮನೆ ಖಾಲಿಯಾಗಿತ್ತು. ಮುನಿಶಾಮಪ್ಪನ ಮಂಚ ಒಳಗೆ ಹೋಯಿತು.

ಊರು ಸುಮ್ಮನಿರುತ್ತದೆಯೇ? ಪಿಳ್ಳಮ್ಮ ತನ್ನ ದಾರದಲ್ಲಿ ಅರ್ಧ ಕತ್ತರಿಸಿ ಅಕ್ಕಯಮ್ಮನಿಗೂ ಕಟ್ಟಿದ್ದಾಳೆ, ಅದಕ್ಕೇ ಗಂಡ ಒಳಗೆ ಬಂದ ಎಂದು ಮೇಲಿನ ಬೀದಿಯವರು ಅಂದರು. ಸ್ಕೂಟರಿನವನು ಈಗ ಎರಡು ಮನೆಯಲ್ಲಿ ಕಾಫಿ ಕುಡಿಯುತ್ತಾನೆ ಎಂದು ಕೆಳಗಿನ ಬೀದಿಯವರು ಅಂದರು. ಈ ಮಾತು ಜಗುಲಿಗೆ ಬಂದಾಗ ಇಬ್ಬರೂ ತಲೆ ಎತ್ತದೆ ಹೂ ಕಟ್ಟಿದರು. ಖಾಲಿ ತಟ್ಟೆಯ ಗುಟ್ಟನ್ನು ಅಕ್ಕಯಮ್ಮ ಯಾರಿಗೂ ಹೇಳಲಿಲ್ಲ. ಅವಳು ಹುಟ್ಟಿದ ಮೇಲೆ ಹೊಟ್ಟೆಯಲ್ಲಿ ಇಟ್ಟುಕೊಂಡ ಗುಟ್ಟು ಅದೊಂದೇ ಇರಬೇಕು.

ಗುರುವಮ್ಮ ಕತೆ ನಿಲ್ಲಿಸಿ ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಂಡರು.

ಷಡಕ್ಷರಿ ಮುಂದಕ್ಕೆ ಬಾಗಿದ. “ಅಮ್ಮಾ, ಕೊನೆಗೆ ಗೂಡಿಗೆ ಏನು ರೇಟು ಸಿಕ್ಕಿತು?”

“ಅದನ್ನು ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಗುರುವನ್ನು ಸಿಕ್ಕಿಸುವ ಮಾತು ಸಿಕ್ಕಿತು ಎಂದು ಅವನ ಮುಖ ಹೇಳುತ್ತಿತ್ತು.

“ಸರಿ ಅಮ್ಮಾ. ಆದರೆ ಆ ಸುಣ್ಣಕಟ್ಟು ಇವರ ಊರಿಗೂ ಬಂದು, ಉಳಿಸಿಕೊಂಡ ಹುಳವೂ ಪೂರ್ತಿ ಸತ್ತಿದ್ದರೆ? ಆಗ ಅಕ್ಕಯಮ್ಮ ಏನು ಮಾಡುತ್ತಿದ್ದಳು?”

“ಅಳುತ್ತಿದ್ದಳಪ್ಪಾ, ಅತ್ತು ಮುಖ ತೊಳೆದು ಉಣ್ಣುತ್ತಿದ್ದಳು, ಹಸು ಕೊಟ್ಟಿಗೆಯಲ್ಲೇ ಇತ್ತಲ್ಲ. ನೀನು ಅತ್ತಾದ ಮೇಲೆ ಉಣ್ಣುವುದಕ್ಕೆ ಏನು ಉಳಿಸಿಕೊಂಡಿದ್ದೀಯ?”